ಖಿನ್ನತೆಗೆ ಪುಸ್ತಕ, ಆಡಿಯೊ ಇಟ್ಟುಕೊಂಡು ಮೈಂಡ್‌ಫುಲ್‌ನೆಸ್ ಮಾಡಿದವರು ಇದ್ದೀರಾ? (ಉಡುಪಿ–ಮಂಗಳೂರು ಕಡೆಯವರು)

ಶಿರ್ವದ ಮಳೆ
ಎಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ಟೀಚರ್ ಆಗಿದ್ದೇನೆ, ಉಡುಪಿ ಕಡೆಯವಳು. ಹೆಸರು ಹಾಕುವುದಿಲ್ಲ, ಇಲ್ಲಿ ನನ್ನ ಹಳೇ ಮಕ್ಕಳೇ ಇರಬಹುದು.

ಕೆಲವು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತದೆ. ಉತ್ತರ ಪತ್ರಿಕೆಯ ಕಟ್ಟು ಬಿಚ್ಚಿ ಕೂತರೆ ಒಂದೇ ಉತ್ತರವನ್ನು ಮತ್ತೆ ಮತ್ತೆ ಓದುತ್ತೇನೆ, ಅಂಕ ಹಾಕಲು ಆಗುವುದಿಲ್ಲ. ಫ್ಯಾಮಿಲಿ ಡಾಕ್ಟರು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಎಲ್ಲ ನೋಡಿದರು. ಎಲ್ಲ ಸರಿ ಉಂಟು. ಆಮೇಲೆ ಮನೋವೈದ್ಯರ ಹತ್ತಿರ ಕಳಿಸಿದರು. ಅಲ್ಲಿ ಒಂಬತ್ತು ಪ್ರಶ್ನೆಯ ಒಂದು ಹಾಳೆ ಕೊಟ್ಟರು, ನನ್ನದು 12 ಬಂತು. ತೀರಾ ಜೋರಿನದ್ದಲ್ಲ, ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ ಅಂದರು. ಮಾತ್ರೆ ಶುರು ಮಾಡಬಹುದು. ಇಲ್ಲವಾದರೆ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಮನಸ್ಸಲ್ಲಿ, ಮೈಯಲ್ಲಿ ಆಗುವುದನ್ನು ಸುಮ್ನೆ ಗಮನಿಸುವ ಅಭ್ಯಾಸ) ಪುಸ್ತಕ, ಆಡಿಯೊ ಇಟ್ಟುಕೊಂಡು, ನಡುನಡುವೆ ಕೌನ್ಸೆಲರ್ ಹತ್ತಿರ ಮಾತಾಡಿ ಕೆಲವು ವಾರ ನೋಡಬಹುದು. ಯೋಚಿಸಿ ಹೇಳಿ ಅಂದಿದ್ದಾರೆ.

ಮನೆಯಲ್ಲಿ ಅತ್ತೆ "ಜೋಯಿಸರ ಹತ್ತಿರ ಒಮ್ಮೆ ಪ್ರಶ್ನೆ ಇಡಿಸುವ" ಅಂತಾರೆ. ಗಂಡ "ರಜೆ ಹಾಕು, ಸರಿಯಾಗ್ತದೆ" ಅಂತಾರೆ. ಪುಸ್ತಕ ನೋಡಿ ಖಿನ್ನತೆ ಕಡಿಮೆಯಾಗುತ್ತದಾ? ಗೊತ್ತಿದ್ದವರು ಹೇಳಿ.

ಕದ್ರಿ ಮೆಟ್ಟಿಲು
ಟೀಚರೇ, ಇದೆಲ್ಲ ಜಾಸ್ತಿ ಯೋಚನೆ ಮಾಡಿ ಬರುವುದು. ಸಂಜೆ ಮಲ್ಪೆಗೆ ಹೋಗಿ, ಬಿಸಿ ಗೋಳಿಬಜೆ ತಿನ್ನಿ, ರಾತ್ರಿ ಒಂದು ಯಕ್ಷಗಾನದ ಆಟ ನೋಡಿ ಬನ್ನಿ. ನಮ್ಮ ಅಜ್ಜಿಯರಿಗೆಲ್ಲ ಡಿಪ್ರೆಶನ್ ಇತ್ತಾ ಮಾರಾಯ್ರೆ?

ತಣ್ಣೀರುಬಾವಿ
ಇತ್ತು. ನಮ್ಮ ಅಜ್ಜಿ ಮಳೆಗಾಲ ಪೂರ್ತಿ ಒಳಕೋಣೆ ಬಿಟ್ಟು ಬರುತ್ತಿರಲಿಲ್ಲ. ಮಂಡೆ ಸಮ ಇಲ್ಲ ಅಂತ ಹೇಳಿ ಊಟದ ಬಟ್ಟಲನ್ನು ಬಾಗಿಲ ಹತ್ತಿರ ಇಡುತ್ತಿದ್ದರು. ಡಾಕ್ಟರಿಗೆ ತೋರಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಓಪಿಡಿ ಅಕ್ಕ
ಮಂಗಳೂರಿನ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಆಪ್ತಸಮಾಲೋಚಕಿ. ನಾನು ಬರೆಯುವುದು ಸಾಮಾನ್ಯ ಮಾಹಿತಿ. ಟೀಚರಿಗೆ ಎಂತ ಬೇಕು ಅಂತ ತೀರ್ಮಾನ ಮಾಡಬೇಕಾದ್ದು ಅವರನ್ನು ನೋಡಿದ ಡಾಕ್ಟರು.

ಕದ್ರಿ ಅಣ್ಣಾ, ಬೀಚಿಗೆ ಹೋಗುವುದು ಒಳ್ಳೆಯದೇ. ಆದರೆ ಖಿನ್ನತೆ ಇರುವವರಿಗೆ ಚಪ್ಪಲಿ ಹಾಕಿ ಗೇಟು ದಾಟುವುದೇ ದೊಡ್ಡ ಕೆಲಸ. ಹೋಗಲು ಆಗುತ್ತಿದ್ದರೆ ಅವರು ಇಲ್ಲಿ ಬಂದು ಕೇಳುತ್ತಲೇ ಇರಲಿಲ್ಲ. 2015–16ರಲ್ಲಿ ನಿಮ್ಹಾನ್ಸ್ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನೋಡಿ. 20 ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಖಿನ್ನತೆ ಬಂದಿತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಟೀಚರ್, ನಿಮಗೆ ಕೊಟ್ಟ ಹಾಳೆ ಪಿಎಚ್‌ಕ್ಯೂ-9. ಕಳೆದ ಎರಡು ವಾರ ಹೇಗಿತ್ತು ಅಂತ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ. 15ರಿಂದ 19 ಜೋರು, 20 ಅಥವಾ ಅದಕ್ಕಿಂತ ಮೇಲೆ ತೀವ್ರ. ನಿಮ್ಮ 12 ಮಧ್ಯಮದಲ್ಲಿ ಬರುತ್ತದೆ. ಹಾಗಾಗಿಯೇ ಡಾಕ್ಟರು ಎರಡು ದಾರಿ ಹೇಳಿದ್ದು. ನಿಮ್ಮದು 22 ಆಗಿದ್ದರೆ ಪುಸ್ತಕದ ಮಾತೇ ಬರುತ್ತಿರಲಿಲ್ಲ.

ಈ ಮೈಂಡ್‌ಫುಲ್‌ನೆಸ್ ಹಾದಿ ಆಸ್ಪತ್ರೆಗೆ ಬಂದದ್ದು 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ಜಾನ್ ಕಬಟ್-ಜಿನ್ ಅಂತ ಒಬ್ಬರು ತುಂಬ ಕಾಲದ ನೋವು, ಒತ್ತಡ ಇರುವ ರೋಗಿಗಳಿಗೆ ತರಗತಿ ಶುರು ಮಾಡಿದರು. ಅದನ್ನು ಖಿನ್ನತೆಗೆ ಹೊಂದಿಸಿದ್ದು ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು. ಎಂಬಿಸಿಟಿ ಅನ್ನುತ್ತಾರೆ. ಎಂಟು ವಾರ, ಗುಂಪಿನಲ್ಲಿ, ಹೇಳಿಕೊಡುವವರ ಎದುರು ಕೂತು ಮಾಡುವಂಥದ್ದು.

ಅದನ್ನೇ ಪುಸ್ತಕ ನೋಡಿ ಮಾಡಿದರೆ ಹೇಗೆ ಅಂತ ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ್ದಾರೆ. ಲೈಟ್‌ಮೈಂಡ್ ಅಂತ ಅಧ್ಯಯನ, 2023ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂತು. ಸೌಮ್ಯ ಅಥವಾ ಮಧ್ಯಮ ಖಿನ್ನತೆ ಇದ್ದ 410 ಮಂದಿ. ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮೈಂಡ್‌ಫುಲ್‌ನೆಸ್ ವರ್ಕ್‌ಬುಕ್, ಇನ್ನೊಂದಕ್ಕೆ ಸಿಬಿಟಿ ವರ್ಕ್‌ಬುಕ್. ಸಿಬಿಟಿ ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ತಿದ್ದಿಕೊಳ್ಳುವ ಪದ್ಧತಿ, ಅಲ್ಲಿ ಮಾಮೂಲಾಗಿ ಕೊಡುವುದು ಅದೇ. 16 ವಾರ ಆದ ಮೇಲೆ ನೋಡಿದರೆ ಮೈಂಡ್‌ಫುಲ್‌ನೆಸ್ ಗುಂಪಿನವರ ಅಂಕ ಸರಾಸರಿ 7.2, ಸಿಬಿಟಿ ಗುಂಪಿನವರದ್ದು 8.6. ನಿಮಗೆ ಕೊಟ್ಟ ಅದೇ ಹಾಳೆಯಿಂದ ಅಳೆದದ್ದು.

ಆದರೆ ಒಂದು ವಿಷಯವನ್ನು ಪೇಪರಿನವರು, ಆ್ಯಪಿನವರು ಹೇಳುವುದೇ ಇಲ್ಲ. ಎರಡೂ ಗುಂಪಿನವರಿಗೆ ಪುಸ್ತಕ ಕೊಟ್ಟು ಮನೆಗೆ ಕಳಿಸಿದ್ದಲ್ಲ. ತರಬೇತಿ ಆದವರ ಜೊತೆ ಆರು ಸಲ ಮಾತುಕತೆ ಇತ್ತು. ಓದಿದಿರಾ, ಅಭ್ಯಾಸ ಮಾಡಿದಿರಾ, ಎಲ್ಲಿ ಸಿಕ್ಕಿಕೊಂಡಿತು ಅಂತ ಕೇಳುವವರು ಇದ್ದರು. ನಿಮ್ಮ ಡಾಕ್ಟರು "ನಡುನಡುವೆ ಕೌನ್ಸೆಲರ್ ಹತ್ತಿರ" ಅಂದದ್ದು ಅದಕ್ಕೇ. ಆ ಭಾಗ ಬಿಟ್ಟು ಪುಸ್ತಕ ಮಾತ್ರ ತರಬೇಡಿ.

ಲೆಕ್ಕದ ಮಾಷ್ಟ್ರು
ಅಕ್ಕ, ಒಂದು ತಕರಾರು. 27ರಲ್ಲಿ ಒಂದೂವರೆ ಅಂಕದ ಆಸುಪಾಸಿನ ವ್ಯತ್ಯಾಸ. ನಾನು ಪೇಪರು ತಿದ್ದುವಾಗ ಅದಕ್ಕಿಂತ ಹೆಚ್ಚು ಕೈತಪ್ಪಿ ಹಾಕಿಬಿಡಬಹುದು! ಇನ್ನೊಂದು, ಏನೂ ಕೊಡದ ಗುಂಪು ಇತ್ತಾ? 16 ವಾರದಲ್ಲಿ ಕೆಲವರಿಗೆ ತನ್ನಷ್ಟಕ್ಕೇ ಕಡಿಮೆಯಾಗುತ್ತದೆ ಅಲ್ವಾ? ಮತ್ತೆ ನೀವು ಹೇಳಿದ ನಿಮ್ಹಾನ್ಸ್ ಸಮೀಕ್ಷೆ 12 ರಾಜ್ಯದ್ದು. ಅದರಲ್ಲಿ ಕೇರಳ ಇತ್ತು, ಕರ್ನಾಟಕ ಇರಲಿಲ್ಲ.

ಓಪಿಡಿ ಅಕ್ಕ
ಮಾಷ್ಟ್ರೇ, ಮೂರೂ ಸರಿ. ಏನೂ ಕೊಡದ ಗುಂಪು ಇರಲಿಲ್ಲ. ಆದ್ದರಿಂದ ಈ ಅಧ್ಯಯನ ನೋಡಿ "ಇಷ್ಟು ಗುಣ ಪುಸ್ತಕದಿಂದಲೇ ಆಯಿತು" ಅಂತ ಹೇಳಲಾಗದು. ಎರಡು ಪುಸ್ತಕದಲ್ಲಿ ಯಾವುದು ಮೇಲು ಅಂತ ಮಾತ್ರ ಹೇಳಬಹುದು. ವ್ಯತ್ಯಾಸವೂ ಸಣ್ಣದೇ. ಆದರೆ ಹೋಲಿಸಿದ್ದು ಔಷಧವೇ ಇಲ್ಲದ ಸಕ್ಕರೆ ಗುಳಿಗೆಯ ಜೊತೆ ಅಲ್ಲ, ಮೊದಲೇ ಕೆಲಸ ಮಾಡುತ್ತದೆ ಅಂತ ಗೊತ್ತಿರುವ ಚಿಕಿತ್ಸೆಯ ಜೊತೆ. ಖರ್ಚಿನ ಲೆಕ್ಕವೂ ಹಾಕಿದ್ದರು. ಮೈಂಡ್‌ಫುಲ್‌ನೆಸ್ ಗುಂಪಿನಲ್ಲಿ ತಲಾ ಖರ್ಚು ಸಿಬಿಟಿ ಗುಂಪಿನದ್ದಕ್ಕಿಂತ 500ಕ್ಕೂ ಹೆಚ್ಚು ಪೌಂಡ್ ಕಡಿಮೆ ಇತ್ತು.

ಇಂಗ್ಲೆಂಡಿನಲ್ಲಿ ಆದದ್ದು ಉಡುಪಿಯಲ್ಲಿ ಹಾಗೆಯೇ ಆಗಬೇಕು ಅಂತಿಲ್ಲ, ಒಪ್ಪಿದೆ. ಅಲ್ಲಿ ಅಂಥ ಕೆಲಸಕ್ಕೆಂದೇ ತರಬೇತಿ ಕೊಟ್ಟು ಊರೂರಿಗೆ ಜನ ಇಟ್ಟಿದ್ದಾರೆ. ಇಲ್ಲಿ ನಾವು ಓಪಿಡಿಯಲ್ಲಿ ಕೆಲವೇ ಮಂದಿ, ಹೊರಗೆ ಬೆಂಚು ತುಂಬಿರುತ್ತದೆ.

ವಿಪಶ್ಯನ ಪ್ರೇಮಿ
ಪುಸ್ತಕ, ಆ್ಯಪ್ ಎಲ್ಲ ಯಾಕೆ? ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ ಬನ್ನಿ, ಹೊಸ ಮನುಷ್ಯರಾಗಿ ಬರ್ತೀರಿ. ದುಡ್ಡೂ ಬೇಡ, ಕೊಡುವ ಮನಸ್ಸಿದ್ದರೆ ದಾನ ಮಾತ್ರ. ನಮ್ಮದೇ ದೇಶದ್ದನ್ನು ಅಮೆರಿಕದವರಿಂದ ಕಲಿಯಬೇಕಾ?

ಓಪಿಡಿ ಅಕ್ಕ
ಬೇರು ಇಲ್ಲಿಯದ್ದೇ, ಅದರಲ್ಲಿ ಜಗಳ ಇಲ್ಲ. ಆದರೆ ಖಿನ್ನತೆ ಇರುವಾಗ ದಿನಕ್ಕೆ ಹತ್ತು ಗಂಟೆ ಮೌನವಾಗಿ ಕೂರುವುದು ಬೇರೆ, ದಿನಕ್ಕೆ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ ವಾರಕ್ಕೊಮ್ಮೆ ಒಬ್ಬರ ಹತ್ತಿರ ಮಾತಾಡುವುದು ಬೇರೆ. ಆ ಶಿಬಿರದ ಅರ್ಜಿಯಲ್ಲೇ ಮಾನಸಿಕ ತೊಂದರೆ ಉಂಟಾ, ಮಾತ್ರೆ ತಗೊಳ್ತೀರಾ ಅಂತ ಕೇಳುತ್ತಾರೆ. ಸುಮ್ನೆ ಕೇಳುವುದಲ್ಲ. ಹಳೇ ಆಘಾತ ಇರುವ ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಎದೆ ಡವಗುಟ್ಟಿ ಎಲ್ಲ ವಾಪಸ್ ಬರುತ್ತದೆ. ಅಂಥವರಿಗೆ ಕಣ್ಣು ತೆರೆದೇ, ಕಾಲಿನಡಿಯ ನೆಲದ ಮೇಲೆ ಗಮನ ಇಟ್ಟು ಶುರು ಮಾಡಿಸುತ್ತೇವೆ. ಅದೂ ಬೇಡ ಅನಿಸಿದರೆ ನಿಲ್ಲಿಸುತ್ತೇವೆ.

ಶಿರ್ವದ ಮಳೆ
ಅಕ್ಕ, ಅಭ್ಯಾಸ ಅಂದರೆ ಎಂತ ಮಾಡುವುದು? ನಾನು ಒಂದು ಆ್ಯಪ್ ಹಾಕಿ ನೋಡಿದೆ. ಮನಸ್ಸು ಖಾಲಿ ಮಾಡಿ ಅಂತ ಇಂಗ್ಲಿಷಿನಲ್ಲಿ ಒಬ್ಬಳು ಮೆಲ್ಲಗೆ ಹೇಳುತ್ತಾಳೆ. ನನಗೆ ಖಾಲಿ ಆಗುವ ಬದಲು ಇದ್ದಬದ್ದ ಕೆಲಸವೆಲ್ಲ ನೆನಪಾಯಿತು.

ಓಪಿಡಿ ಅಕ್ಕ
ಖಾಲಿ ಮಾಡಲಿಕ್ಕೆ ಯಾರಿಗೂ ಆಗುವುದಿಲ್ಲ. ಎಂಬಿಸಿಟಿಯಲ್ಲಿ ಹಾಗೆ ಹೇಳುವುದೂ ಇಲ್ಲ.

ಅವರ ವಿಚಾರ ಇಷ್ಟು. ಬೇಜಾರು ಎಲ್ಲರಿಗೂ ಬರುತ್ತದೆ. ಖಿನ್ನತೆ ಇರುವವರಿಗೆ ಬೇಜಾರಿನ ಹಿಂದೆಯೇ ಹಳೇ ಮಾತುಗಳು ಸಾಲಾಗಿ ಬರುತ್ತವೆ. ನಾನು ಪ್ರಯೋಜನಕ್ಕಿಲ್ಲ, ನನ್ನಿಂದ ಯಾವುದೂ ಸರಿ ಆಗುವುದಿಲ್ಲ, ಯಾವಾಗಲೂ ಹೀಗೇ. ಆ ಮಾತು ಬಂದರೆ ಬೇಜಾರು ಇನ್ನೂ ಹೆಚ್ಚುತ್ತದೆ, ಹೆಚ್ಚಿದರೆ ಮಾತು ಇನ್ನೂ ಜೋರಾಗುತ್ತದೆ. ಇದರಿಂದ ಹೊರಗೆ ಬರಬೇಕು ಅಂತ ಇನ್ನಷ್ಟು ಯೋಚಿಸಿದರೆ ಇನ್ನಷ್ಟು ಒಳಗೆ ಹೋಗುತ್ತೇವೆ. ಈ ಸುತ್ತು ಶುರುವಾಗುವ ಹೊತ್ತಿಗೇ "ಓ, ಶುರುವಾಯ್ತು" ಅಂತ ಗುರುತಿಸಲು ಕಲಿಸುವುದು ಮುಖ್ಯ ಕೆಲಸ. ಯೋಚನೆ ಬಂತು ಅಂದ ಮಾತ್ರಕ್ಕೆ ಅದು ನಿಜ ಅಂತಲ್ಲ.

ಒಂದು ಚಿಕ್ಕ ಅಭ್ಯಾಸ ಹೇಳುತ್ತೇನೆ, ಮೂರು ನಿಮಿಷದ್ದು. ಬೆನ್ನು ನೆಟ್ಟಗೆ ಇಟ್ಟು ಕೂತುಕೊಳ್ಳಿ. ಮೊದಲು, ಈಗ ನನಗೆ ಎಂತ ಆಗುತ್ತಾ ಉಂಟು ಅಂತ ನೋಡುವುದು. ತಲೆಯಲ್ಲಿ ಯಾವ ಮಾತು, ಮನಸ್ಸಲ್ಲಿ ಬೇಜಾರಾ ಸಿಟ್ಟಾ, ಮೈಯಲ್ಲಿ ಎಲ್ಲಿ ಬಿಗಿ. ಓಡಿಸುವುದು ಬೇಡ, ನೋಡಿ ಬಿಟ್ಟರೆ ಸಾಕು. ಆಮೇಲೆ ಗಮನವನ್ನು ಉಸಿರಿಗೆ ತರುವುದು, ಹೊಟ್ಟೆ ಏರುವುದು, ಇಳಿಯುವುದು. ಕೊನೆಗೆ ಉಸಿರಿನಿಂದ ಇಡೀ ಮೈಗೆ, ಮುಖಕ್ಕೆ, ಕೂತ ಕುರ್ಚಿಗೆ ಗಮನ ಅಗಲ ಮಾಡುವುದು. ಮನಸ್ಸು ಓಡಿಹೋಗುತ್ತದೆ. ಓಡಿದ್ದು ಗೊತ್ತಾದಾಗ ಬೈದುಕೊಳ್ಳದೆ ವಾಪಸ್ ಕರೆದುಕೊಂಡು ಬನ್ನಿ. ಆ ವಾಪಸ್ ತರುವುದೇ ಅಭ್ಯಾಸ, ಓಡದೆ ಇರುವುದಲ್ಲ.

ಇದಲ್ಲದೆ ಮಲಗಿ ಅಥವಾ ಕೂತು ಕಾಲ ಬೆರಳಿಂದ ತಲೆಯವರೆಗೆ ಮೈಯನ್ನು ಗಮನಿಸುವ ದೊಡ್ಡ ಅಭ್ಯಾಸ ಉಂಟು. ನಿದ್ದೆ ಬರುತ್ತದೆ ಅಂತ ತುಂಬ ಮಂದಿ ದೂರುತ್ತಾರೆ. ಕೂತು ಮಾಡಿ, ಊಟ ಆದ ಕೂಡಲೇ ಬೇಡ. ಒಣದ್ರಾಕ್ಷಿ ಒಂದನ್ನು ಕೈಯಲ್ಲಿ ಹಿಡಿದು, ನೋಡಿ, ಮೂಸಿ, ನಿಧಾನ ಅಗಿಯುವುದೂ ಒಂದು. ಮೊದಲ ವಾರದಲ್ಲೇ ಬರುತ್ತದೆ. ನಗು ಬಂದರೆ ನಗಿ, ಎಲ್ಲರಿಗೂ ಬರುತ್ತದೆ.

ಬೀಡಿ ಬ್ರಾಂಚ್
ನಗು ಅಲ್ಲ ಅಕ್ಕ, ನನಗೆ ಅಮ್ಮನ ನೆನಪು ಬಂತು. ಅಮ್ಮ ಬೀಡಿ ಕಟ್ಟುತ್ತಾರೆ. ತಡ್ಪೆ (ಮೊರ) ಮಡಿಲಲ್ಲಿಟ್ಟು ಕೂತರೆ ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕುವುದು, ಸುತ್ತಿ ನೂಲು ಕಟ್ಟುವುದು ಎಲ್ಲ ಕೈಯೇ ಮಾಡುತ್ತದೆ. ಕಣ್ಣು ಟಿವಿಯಲ್ಲಿ, ಮನಸ್ಸು ಅಣ್ಣನ ಸಾಲದಲ್ಲಿ. ಸಂಜೆ ಬ್ರಾಂಚಿಗೆ ಕೊಡಲು ಹೋಗುವಾಗ ಎಷ್ಟು ಕಟ್ಟಿದೆ ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಈಚೆಗೆ ಊಟ ಬಿಡ್ತಾರೆ, ರಾತ್ರಿ ಮೂರಕ್ಕೆ ಎದ್ದು ಕೂರ್ತಾರೆ. ಅವರಿಗೆ ಓದಲು ಬರುವುದಿಲ್ಲ. ಪುಸ್ತಕದ ಚಿಕಿತ್ಸೆ ಓದಿದವರಿಗೆ ಮಾತ್ರವಾ?

ಓಪಿಡಿ ಅಕ್ಕ
ಒಳ್ಳೆಯ ಪ್ರಶ್ನೆ. ವರ್ಕ್‌ಬುಕ್ ಅಂದ ಮೇಲೆ ಓದಬೇಕು, ಬರೆಯಬೇಕು. ಅದು ಇದರ ಮಿತಿಯೇ. ಆದರೆ ಅಭ್ಯಾಸಕ್ಕೆ ಅಕ್ಷರ ಬೇಡ. ನಾನು ಕೆಲವರಿಗೆ ಅವರ ಫೋನಿನಲ್ಲೇ ನನ್ನ ಧ್ವನಿ ರೆಕಾರ್ಡ್ ಮಾಡಿ ಕೊಡುತ್ತೇನೆ, ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಅಮ್ಮನಿಗಾದರೆ ಬೀಡಿ ಕಟ್ಟುವಾಗಲೇ ಶುರು ಮಾಡಿಸುತ್ತಿದ್ದೆ. ಮೊದಲ ಕೆಲವು ಬೀಡಿಗೆ ಟಿವಿ ಆಫ್. ಎಲೆ ಒದ್ದೆಯಾ, ಒಣಗಿದೆಯಾ, ಬೆರಳಿನ ತುದಿಗೆ ಹೇಗೆ ತಾಗುತ್ತದೆ, ನೂಲು ಎಳೆಯುವಾಗ ಎಲ್ಲಿ ಬಿಗಿ. ಅಷ್ಟೇ.

ಆದರೆ ಊಟ ಬಿಡುವುದು, ನಡುರಾತ್ರಿ ಏಳುವುದು ಅಂದಿರಲ್ಲ, ಅದಕ್ಕೆ ಮೊದಲು ಡಾಕ್ಟರು ನೋಡಬೇಕು. ತೀವ್ರ ಖಿನ್ನತೆಯಲ್ಲಿ ಇರುವವರನ್ನು ಕೂರಿಸಿ ಉಸಿರು ನೋಡಿ ಅಂದರೆ ಆಗುವುದಿಲ್ಲ. ಗಮನವೇ ನಿಲ್ಲುವುದಿಲ್ಲ. ಇದೂ ನನ್ನಿಂದ ಆಗಲಿಲ್ಲ ಅಂತ ಇನ್ನೊಂದು ಹೊರೆ ಆಗುತ್ತದೆ.

ಕುವೈಟ್ ಕುಂದಾಪ್ರ
ಹೆಂಡತಿ ಊರಲ್ಲಿ, ನಾನು ಇಲ್ಲಿ. ಅವಳಿಗೂ ಡಾಕ್ಟರು ಸೌಮ್ಯ ಅಂದಿದ್ದಾರೆ. ಆ ಆರು ಸಲದ ಮಾತುಕತೆ ನಾನೇ ವಾಟ್ಸಾಪಿನಲ್ಲಿ ಮಾಡಿದರೆ ಆಗದಾ? ಶುಕ್ರವಾರ ನನಗೆ ರಜೆ.

ಓಪಿಡಿ ಅಕ್ಕ
ಮಾತಾಡಿ, ಖಂಡಿತ ಮಾತಾಡಿ. ಇವತ್ತು ಕೂತಿಯಾ ಅಂತ ಕೇಳಿ. ಕೂರಲಿಲ್ಲ ಅಂದರೆ ಯಾಕೆ ಅಂತ ವಿಚಾರಣೆ ಮಾಡಬೇಡಿ. ಆದರೆ ಅಧ್ಯಯನದಲ್ಲಿ ಮಾತಾಡಿದವರು ಗಂಡಂದಿರಲ್ಲ, ತರಬೇತಿ ಆದವರು. ಬೇಜಾರಿನ ಒಂದು ಕಾರಣ ನೀವು ದೂರ ಇರುವುದೇ ಆಗಿದ್ದರೆ ಅದನ್ನು ನಿಮ್ಮ ಹತ್ತಿರವೇ ಹೇಗೆ ಹೇಳ್ತಾರೆ? ಮತ್ತೆ ಆ ಹಾಳೆಯ ಒಂಬತ್ತನೇ ಪ್ರಶ್ನೆ ಸಾಯಬೇಕು ಅನಿಸುವ ಬಗ್ಗೆ. ಅದರಲ್ಲಿ ಒಂದು ಅಂಕ ಬಂದರೂ ನಾವು ಕುರ್ಚಿ ಹತ್ತಿರ ಎಳೆದುಕೊಂಡು ಕೇಳುತ್ತೇವೆ. ಆ ಹೊಣೆ ಮನೆಯವರ ಮೇಲೆ ಬೀಳಬಾರದು.

ಕೌನ್ಸೆಲರ್ ಸಿಗುವವರೆಗೆ ಟೆಲಿ ಮಾನಸ್ ಉಂಟು, 14416. ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ನಿರ್ವಾಹಕ
14416 ನಂಬರನ್ನು ಮೇಲೆ ಪಿನ್ ಮಾಡಿದ್ದೇವೆ. ಯಾರಿಗಾದರೂ ಸಾಯುವ ಯೋಚನೆ ಬರುತ್ತಿದ್ದರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ, ಈಗಲೇ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಮಾತ್ರೆಗಳ ಹೆಸರು, ಡೋಸ್ ಬರೆದ ಎರಡು ಕಮೆಂಟ್ ತೆಗೆದಿದ್ದೇವೆ.

ತಣ್ಣೀರುಬಾವಿ
ಮಾತ್ರೆ ವಿಷಯ ನಾನು ಹೇಳುತ್ತೇನೆ, ಹೆಸರು ಬರೆಯುವುದಿಲ್ಲ. ನನಗೆ ಇದು ಬಂದು ಹೋಗಿ ಬಂದು ಹೋಗಿ ಆಗುವಂಥದ್ದು. ಮಾತ್ರೆ ನಡೆಯುತ್ತಾ ಉಂಟು, ಅದರ ಮೇಲೆ ಎಂಟು ವಾರದ ಎಂಬಿಸಿಟಿ ಗುಂಪಿಗೂ ಹೋಗಿದ್ದೆ.

ನನ್ನಂಥವರಿಗೇ ಎಂಬಿಸಿಟಿ ಮೊದಲು ಮಾಡಿದ್ದಂತೆ. 2000ದಲ್ಲಿ ಬಂದ ಮೊದಲ ದೊಡ್ಡ ಪರೀಕ್ಷೆಯಲ್ಲಿ 145 ಮಂದಿ ಇದ್ದರು. ಮೂರು ಸಲ ಅಥವಾ ಜಾಸ್ತಿ ಖಿನ್ನತೆ ಬಂದವರಲ್ಲಿ ಮಾಮೂಲಿ ಚಿಕಿತ್ಸೆಯವರಿಗೆ ನೂರಕ್ಕೆ 66 ಮಂದಿಗೆ ಮತ್ತೆ ಬಂತು, ಎಂಬಿಸಿಟಿ ಮಾಡಿದವರಿಗೆ 37. ಎರಡೇ ಸಲ ಬಂದವರಿಗೆ ಅಂಥ ಲಾಭ ಕಾಣಲಿಲ್ಲ. ಮಾಷ್ಟ್ರು ಕೇಳುವ ಮೊದಲೇ ಹೇಳಿದೆ!

2015ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಇನ್ನೊಂದು ಬಂತು, 424 ಮಂದಿ. ಅರ್ಧ ಜನ ಮಾತ್ರೆ ಮುಂದುವರಿಸಿದರು, ಅರ್ಧ ಜನ ಎಂಬಿಸಿಟಿ ಮಾಡುತ್ತಾ ಡಾಕ್ಟರ ನೆರವಿನಿಂದ ಮಾತ್ರೆ ಇಳಿಸುತ್ತಾ ಬಂದರು. ಎರಡು ವರ್ಷದಲ್ಲಿ ಮತ್ತೆ ಬಂದದ್ದು ಎಂಬಿಸಿಟಿಯವರಲ್ಲಿ ನೂರಕ್ಕೆ 44, ಮಾತ್ರೆಯವರಲ್ಲಿ 47. ಹೆಚ್ಚು ಕಡಿಮೆ ಸಮ. ಇದನ್ನು ನೋಡಿ ವಾಟ್ಸಾಪಿನಲ್ಲಿ "ಧ್ಯಾನ ಮಾಡಿ, ಮಾತ್ರೆ ಬಿಸಾಡಿ" ಅಂತ ಹಾಕುತ್ತಾರೆ. ಇಳಿಸಿದ್ದು ಡಾಕ್ಟರ ಕಣ್ಣೆದುರು, ನಿಧಾನ. ತಾನೇ ನಿಲ್ಲಿಸಿದರೆ ತಲೆ ತಿರುಗುವುದು, ನಿದ್ದೆ ಹೋಗುವುದು ಎಲ್ಲ ಆಗುತ್ತದೆ. ಮತ್ತೆ ಅದನ್ನೇ ರೋಗ ವಾಪಸ್ ಬಂತು ಅಂತ ತಿಳಿದುಕೊಳ್ಳುತ್ತೇವೆ.

ಅಭ್ಯಾಸದಲ್ಲಿ ನನಗೆ ಉಳಿದದ್ದು ಆ ಮೂರು ನಿಮಿಷದ್ದು ಮಾತ್ರ. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಕಾಯುವಾಗ ಮಾಡುತ್ತೇನೆ. ದೋಣಿ ಆಚೆ ದಡದಿಂದ ಬಿಟ್ಟು ಈಚೆಗೆ ಮುಟ್ಟುವಷ್ಟು ಹೊತ್ತು. ಡೀಸೆಲ್ ವಾಸನೆ, ಮೀನಿನ ಬುಟ್ಟಿ, ಯಾರದ್ದೋ ಫೋನಲ್ಲಿ ರೀಲ್ಸ್ ಜೋರಾಗಿ. ಶಾಂತಿ ಅಂತ ಎಂತದ್ದೂ ಸಿಗುವುದಿಲ್ಲ. ಆದರೆ "ಎದ್ದು ಕೆಲಸಕ್ಕೆ ಹೋಗಿ ಎಂತ ಪ್ರಯೋಜನ" ಅನ್ನುವ ಮಾತು ಬಂದರೆ, ಇದು ನನ್ನ ಹಳೇ ಗಿರಾಕಿ ಅಂತ ಗುರುತು ಸಿಗುತ್ತದೆ. ಕೆಲವು ದಿನ ಅದೂ ಸಿಗುವುದಿಲ್ಲ.

ಕದ್ರಿ ಮೆಟ್ಟಿಲು
ಸರಿ ಮಾರಾಯ್ರೆ, ಒಪ್ಪಿದೆ. ಆದರೂ ಗೋಳಿಬಜೆ ತಿನ್ನಬಾರದು ಅಂತ ಯಾವ ಅಧ್ಯಯನವೂ ಹೇಳುವುದಿಲ್ಲ ಅಲ್ವಾ?

ಓಪಿಡಿ ಅಕ್ಕ
ಇಲ್ಲ. 🙂 ಅಷ್ಟೇ ಅಲ್ಲ, ಮೊದಲು ಖುಷಿ ಕೊಡುತ್ತಿದ್ದ ಸಣ್ಣ ಕೆಲಸವನ್ನು ಮನಸ್ಸಿಲ್ಲದಿದ್ದರೂ ಮತ್ತೆ ಶುರು ಮಾಡುವುದು ಖಿನ್ನತೆಗೆ ಒಪ್ಪಿತ ಚಿಕಿತ್ಸೆಯೇ. ಅಣ್ಣಾ, "ಹೋಗಿ ಬನ್ನಿ" ಅನ್ನುವ ಬದಲು "ಐದಕ್ಕೆ ಬರ್ತೇನೆ, ಒಟ್ಟಿಗೆ ಹೋಗುವ" ಅನ್ನಿ. ಆಗ ನಿಮ್ಮ ಸಲಹೆ ಪಾಸು.

ಲೆಕ್ಕದ ಮಾಷ್ಟ್ರು
ಟೀಚರಿಗೆ ನನ್ನ ಒಂದು ಸಲಹೆ. ಯಾವುದನ್ನು ಶುರು ಮಾಡಿದರೂ ಯಾವಾಗ ಬದಲಿಸುವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಇನ್ನೊಂದು ವಾರ, ಇನ್ನೊಂದು ವಾರ ಅಂತ ವರ್ಷ ಹೋಗುತ್ತದೆ.

ಶಿರ್ವದ ಮಳೆ
ಮಾಷ್ಟ್ರೇ, ಅದನ್ನೇ ಇವತ್ತು ಫೋನಿನಲ್ಲಿ ಕೇಳಿದೆ. ಒಂದು ತಿಂಗಳು ಬಿಟ್ಟು ಅದೇ ಹಾಳೆ ಮತ್ತೆ ಕೊಡುತ್ತಾರಂತೆ. ಅಂಕ ಹಾಗೇ ಇದ್ದರೆ ಅಥವಾ ಮೇಲೆ ಹೋದರೆ ಮಾತ್ರೆಯ ಬಗ್ಗೆ ಮಾತಾಡುವುದು. ಅದಕ್ಕೆ ಮೊದಲೇ ಜಾಸ್ತಿ ಆದರೆ ಕಾಯದೆ ಬರಬೇಕು ಅಂದರು. ಮಾತ್ರೆ ತಗೊಂಡರೂ ಅಭ್ಯಾಸ ಬಿಡಬೇಕಾಗಿಲ್ಲವಂತೆ, ಎರಡೂ ಒಟ್ಟಿಗೆ ಹೋಗುತ್ತವೆ. ಕೌನ್ಸೆಲರ್ ಹತ್ತಿರ ಶನಿವಾರ ಮಧ್ಯಾಹ್ನ ಸಮಯ ಸಿಕ್ಕಿದೆ, ಶಾಲೆ ಬಿಟ್ಟು ಸೀದಾ ಬಸ್ಸು ಹಿಡಿದರೆ ಆಗುತ್ತದೆ. ಕನ್ನಡದಲ್ಲಿ ರೆಕಾರ್ಡ್ ಮಾಡಿ ಕೊಡ್ತೀರಾ ಅಂತಲೂ ಕೇಳಿದ್ದೇನೆ. ನೋಡುವ ಅಂದಿದ್ದಾರೆ.

ಅತ್ತೆಗೆ ಪ್ರಶ್ನೆ ಇಡಿಸುವುದು ಬೇಡ ಅಂತ ಹೇಳಲು ಹೋಗಲಿಲ್ಲ. ಇಡಿಸಲಿ. ಶನಿವಾರ ಮಾತ್ರ ನಾನು ಸಿಗುವುದಿಲ್ಲ ಅಂದೆ.

ಓಪಿಡಿ ಅಕ್ಕ
ತುಂಬ ಒಳ್ಳೆಯದಾಯಿತು. ಮೊದಲ ವಾರ "ಎಂತದೂ ಆಗುತ್ತಾ ಇಲ್ಲ" ಅನಿಸಿದರೆ ಅದನ್ನೇ ಹೋಗಿ ಹೇಳಿ. ಚೆನ್ನಾಗಿ ಮಾಡಿದೆ ಅಂತ ತೋರಿಸಲಿಕ್ಕೆ ಹೋಗಬೇಡಿ, ಟೀಚರುಗಳಿಗೆ ಆ ಅಭ್ಯಾಸ ಜಾಸ್ತಿ.

ಬೀಡಿ ಬ್ರಾಂಚ್
ಅಕ್ಕ, ಅಮ್ಮನನ್ನು ಮಂಗಳೂರಿಗೆ ಕರೆದುಕೊಂಡು ಬರುವುದು ಕಷ್ಟ. ಮಂಡೆ ಡಾಕ್ಟರ ಹತ್ತಿರ ಅಂದರೆ ಬಸ್ಸೇ ಹತ್ತುವುದಿಲ್ಲ. ಒಂದು ದಿನ ಹೋದರೆ ಆ ದಿನದ ಬೀಡಿ ಮಜೂರಿಯೂ ಹೋಯಿತು.

ಓಪಿಡಿ ಅಕ್ಕ
ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಕೇಳಿ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಉಂಟು, ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ. ಹೋಗುವ ಮೊದಲು ಫೋನ್ ಮಾಡಿ, ಈ ವಾರ ಬರ್ತಾರಾ ಅಂತ ಖಚಿತ ಮಾಡಿಕೊಳ್ಳಿ. ಅಮ್ಮನಿಗೆ ನಿದ್ದೆ ಬರದ್ದಕ್ಕೆ ತೋರಿಸುವುದು ಅಂತ ಹೇಳಿ, ಅದು ಸುಳ್ಳೂ ಅಲ್ಲ. ಆಶಾ ಕಾರ್ಯಕರ್ತೆ ಪರಿಚಯದವರಾದರೆ ಅವರನ್ನೂ ಜೊತೆಗೆ ಕರೆದುಕೊಳ್ಳಿ. ಊಟ ಎಷ್ಟು ದಿನದಿಂದ ಕಡಿಮೆ, ರಾತ್ರಿ ಎಷ್ಟು ಗಂಟೆಗೆ ಏಳ್ತಾರೆ, ಬೇರೆ ಯಾವ ಮಾತ್ರೆ ನಡೆಯುತ್ತಾ ಉಂಟು ಅಂತ ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಅಲ್ಲಿ ಕೇಳಿದಾಗ ಅಮ್ಮ "ಎಂತದೂ ಇಲ್ಲ, ಸರಿ ಉಂಟು" ಅಂತಲೇ ಹೇಳ್ತಾರೆ.

ಬೀಡಿ ಬ್ರಾಂಚ್
ಖಂಡಿತ ಹಾಗೇ ಹೇಳ್ತಾರೆ. ನಾಳೆ ಫೋನ್ ಮಾಡಿ ಇಲ್ಲೇ ಬರೆಯುತ್ತೇನೆ.